ಚಿತ್ರವುಂಟು, ಕಥೆ ಎಲ್ಲಿ?

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಮ್ಮ ಪ್ರಾಚೀನ ಕಾವ್ಯಗಳ ಅಷ್ಟಾದಶ ವರ್ಣನೆಗಳನ್ನು ಕುರಿತು ಬರೆಯುವೆನೆಂದು ಒಪ್ಪಿಕೊಂಡಿದ್ದೆ. ಟಿಪ್ಪಣಿಗಳೂ ಸಿದ್ಧವಾಗಿದ್ದವು. ಆದರೆ 2025ರ ಸೆಪ್ಟೆಂಬರ್ ತಿಂಗಳಲ್ಲಿ ನನ್ನ ಅಣ್ಣನ ಮೊಮ್ಮಗನೊಡನೆ ಬೆಳಗಾವಿಗೆ ಹೋಗಿ ಒಂದು ಜಪಾನೀ ಚಲನಚಿತ್ರವನ್ನು ನೋಡಿ ಬಂದಮೇಲೆ ಆ ಟಿಪ್ಪಣಿಗಳು ಮೇಜಿನ ಮೇಲೆಯೇ ಉಳಿದುವು. ಪಂಡಿತನೆನಿಸಿಕೊಂಡವನು ಹುಡುಗರ ಸಿನಿಮಾ ಕುರಿತು ಬರೆಯುವುದೇ ಎಂದು ಹಳೆಯ ವಿದ್ಯಾರ್ಥಿಗಳು ನಕ್ಕರೆ ನಗಲಿ. ವರ್ಣನೆ ಅತಿಯಾಗಿ ಕಥೆ ಸೊರಗಿದಾಗ ಏನಾಗುತ್ತದೆಂಬುದನ್ನೇ ಕುರಿತ ಲೇಖನವಾದುದರಿಂದ ಒಪ್ಪಿಕೊಂಡ ವಿಷಯವನ್ನು ನಾನು ಪೂರ್ತಿ ಬಿಟ್ಟಂತಾಗಲಿಲ್ಲ.

ಹುಡುಗ ನಮ್ಮ ಶಾಲೆಯಲ್ಲಿಯೇ ಹತ್ತನೆಯ ತರಗತಿಯಲ್ಲಿ ಓದುವವನು. ಎರಡು ವರ್ಷದಿಂದ ಅವನ ಬಾಯಲ್ಲಿ ತಾಂಜಿರೊ, ಗಿಯು, ಜೆನಿತ್ಸು ಎಂಬ ಹೆಸರುಗಳನ್ನು ಕೇಳುತ್ತಲೇ ಇದ್ದೆ. "ಅಜ್ಜಾ, ಒಮ್ಮೆ ನೀವೂ ನೋಡ್ರಿ. ಸಣ್ಣ ಹುಡುಗರದಲ್ಲ ಅದು. ನೋಡಿ ಆಮ್ಯಾಲೆ ಬೈರಿ" ಎಂದ. ನೋಡದೆ ಬೈಯುವುದು ಶಾಸ್ತ್ರಸಮ್ಮತವಲ್ಲವಾದ್ದರಿಂದ ಹೊರಟೆ.

ಚಿತ್ರಗಳನ್ನು ಬರೆದು ಚಲಿಸುವಂತೆ ಮಾಡಿ ಜಪಾನಿನಲ್ಲಿ ತಯಾರಿಸುವ ಸಿನಿಮಾಗಳಿಗೆ 'ಅನಿಮೆ' ಎಂದು ಹೆಸರು. ಅನಿಮೇಷನ್ ಎಂಬ ಇಂಗ್ಲಿಷ್ ಶಬ್ದವನ್ನು ಜಪಾನೀಯರು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಮೊಟಕು ಮಾಡಿದ ರೂಪವಿದು. ನಮ್ಮ ಹುಡುಗರು ಅದರ ಮುಂದೆ ಕುಳಿತ ಭಂಗಿಯನ್ನು ಕಂಡಾಗ ನನಗೆ ಮಾತ್ರ 'ಅನಿಮಿಷ' ಶಬ್ದವೇ ನೆನಪಾಗುತ್ತದೆ. ರೆಪ್ಪೆ ಬಡಿಯದವರು ದೇವತೆಗಳೆಂದು ಕೋಶಕಾರರು ಹೇಳಿದ್ದಾರೆ. ಮೊಬೈಲು ಹಿಡಿದ ಎಂಟನೆಯ ತರಗತಿಯ ಬಾಲಕರನ್ನು ಅವರು ಕಂಡಿರಲಿಲ್ಲ. ಈ ವ್ಯುತ್ಪತ್ತಿಯನ್ನು ಯಾರೂ ಪ್ರಮಾಣವೆಂದು ಹಿಡಿಯಬಾರದಾಗಿ ವಿನಂತಿ.

ನಾವು ನೋಡಿದ ಚಿತ್ರದ ಹೆಸರು 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್'. 'ರಾಕ್ಷಸಸಂಹಾರಿ: ಅನಂತದುರ್ಗ' ಎಂದು ಕನ್ನಡಿಸಬಹುದು. ಕೊಯೊಹಾರು ಗೊತೊಗೆ ಎಂಬ ಲೇಖನನಾಮದವರು 2016ರಿಂದ 2020ರವರೆಗೆ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ, 23 ಸಂಪುಟಗಳಾಗಿ ಹೊರಬಂದ ಚಿತ್ರಕಥೆಯೇ ಇದರ ಮೂಲ. ಯುಫೋಟೇಬಲ್ ಎಂಬ ಸಂಸ್ಥೆ 2019ರಿಂದ ಅದನ್ನು ಟೆಲಿವಿಷನ್ನಿಗೆ ಅಳವಡಿಸುತ್ತ ಬಂದಿತು. ಇದೇ ಕಥೆಯ ಒಂದು ಭಾಗವಾಗಿ 2020ರಲ್ಲಿ ಬಂದ 'ಮುಗೆನ್ ಟ್ರೇನ್' ಚಿತ್ರವು ಜಪಾನಿನ ಗಳಿಕೆಯಲ್ಲಿ ಮಿಯಾಜಾಕಿಯವರ ಪ್ರಸಿದ್ಧವಾದ 'ಸ್ಪಿರಿಟೆಡ್ ಅವೇ'ಯನ್ನೂ ಹಿಂದಕ್ಕೆ ಹಾಕಿತು. ಹರುವೊ ಸೊತೊಜಾಕಿಯವರು ನಿರ್ದೇಶಿಸಿದ ಈ 'ಅನಂತದುರ್ಗ'ವು 2025ರ ಜುಲೈ 18ರಂದು ಜಪಾನಿನಲ್ಲಿಯೂ ಸೆಪ್ಟೆಂಬರ್ 12ರಂದು ಭಾರತದಲ್ಲಿಯೂ ತೆರೆಕಂಡಿತು. ಮೂರು ಚಿತ್ರಗಳ ಮಾಲೆಯಲ್ಲಿ ಇದು ಮೊದಲನೆಯದು. ಅವಧಿ 155 ನಿಮಿಷ.

ಕಥಾಬೀಜವು ಉತ್ತಮವಾದುದೇ. ಇಪ್ಪತ್ತನೆಯ ಶತಮಾನದ ಆರಂಭದ ಜಪಾನು. ಇದ್ದಿಲು ಮಾರಿ ಬದುಕುವ ಮನೆತನದ ಹಿರಿಯ ಮಗ ತಾಂಜಿರೊ ಊರಿಗೆ ಹೋಗಿ ಮರುದಿನ ಮನೆಗೆ ಮರಳುವಷ್ಟರಲ್ಲಿ ಮನೆಯವರೆಲ್ಲ ರಾಕ್ಷಸನಿಂದ ಹತರಾಗಿದ್ದಾರೆ. ಉಳಿದ ಒಬ್ಬಳೇ ತಂಗಿ ನೆಜುಕೊ ತಾನೇ ರಾಕ್ಷಸಿಯಾಗಿದ್ದಾಳೆ. ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡುವುದಕ್ಕಾಗಿಯೂ ರಾಕ್ಷಸರಿಗೆಲ್ಲ ಮೂಲನಾದ ಮುಜಾನನನ್ನು ಕೊನೆಗಾಣಿಸುವುದಕ್ಕಾಗಿಯೂ ಅಣ್ಣ ಖಡ್ಗ ಹಿಡಿಯುತ್ತಾನೆ. ತಂಗಿಗಾಗಿ ಹೊರಟ ಅಣ್ಣನ ಕಥೆ ನಮ್ಮ ಹಂತಿಯ ಪದಗಳಲ್ಲಿ ಬಂದಿದ್ದರೂ ಒಪ್ಪುತ್ತಿತ್ತು.

ಚಿತ್ರಗಳ ಚೆಲುವನ್ನು ಮೊದಲು ಹೇಳಿಬಿಡುತ್ತೇನೆ. ಅನಂತದುರ್ಗವೆಂದರೆ ಮೇಲು ಕೆಳಗುಗಳ ಭೇದವಿಲ್ಲದ ಒಂದು ಮರದ ಅರಮನೆ. ಚಾಪೆ ಹಾಸಿದ ನೆಲ ಒಮ್ಮೆ ಗೋಡೆಯಾಗುತ್ತದೆ, ಗೋಡೆ ಛಾವಣಿಯಾಗುತ್ತದೆ. ಕಾಗದದ ಜಾರುಬಾಗಿಲುಗಳೂ ಮೆಟ್ಟಿಲುಗಳೂ ದೀಪಗಳೂ ಕಣ್ಣು ಹೋಗುವಷ್ಟು ದೂರ ಪಾತಾಳಕ್ಕಿಳಿದಿವೆ. ಒಬ್ಬಳು ರಾಕ್ಷಸಿ ಬೀವಾ ಎಂಬ ತಂತಿವಾದ್ಯವನ್ನು ಮೀಟಿದಾಗಲೆಲ್ಲ ಕೋಣೆಗಳು ಸ್ಥಾನ ಬದಲಿಸುತ್ತವೆ. ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನನು ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿದ ಪ್ರಸಂಗವನ್ನು ಮೂವತ್ತು ವರ್ಷ ಪಾಠ ಹೇಳಿದ ನನಗೆ, ಆ ಭ್ರಮೆ ಹೇಗಿದ್ದೀತೆಂಬುದು ಆ ದಿನ ಕಣ್ಣಿಗೆ ಕಂಡಿತು. ತಾಂಜಿರೊ ಖಡ್ಗ ಬೀಸಿದರೆ ಅದರ ಜಾಡಿನಲ್ಲಿ ನೀರು ಹರಿಯುತ್ತದೆ. ಆ ನೀರಿಗೆ ದಪ್ಪ ಕಪ್ಪು ಅಂಚು, ಬಿಳಿಯ ನೊರೆ. ಹೊಕುಸಾಯಿ ಎಂಬ ಹತ್ತೊಂಬತ್ತನೆಯ ಶತಮಾನದ ಜಪಾನೀ ಕಲಾವಿದನ ಜಗತ್ಪ್ರಸಿದ್ಧವಾದ ಅಲೆಯ ಚಿತ್ರವನ್ನು ಕಂಡವರಿಗೆ ಅದರ ವಂಶ ಕೂಡಲೇ ಗೊತ್ತಾಗುತ್ತದೆ. ಹೊಸ ಯಂತ್ರದ ಕೈಯಲ್ಲಿ ತಮ್ಮ ಹಳೆಯ ಮರದಚ್ಚಿನ ಚಿತ್ರಕಲೆಯನ್ನು ಅವರು ಬಿಟ್ಟುಕೊಟ್ಟಿಲ್ಲ. ಕಿಳ್ಳೇಕ್ಯಾತರ ತೊಗಲುಗೊಂಬೆಗಳ ಬಣ್ಣವನ್ನೂ ರೇಖೆಯನ್ನೂ ನಾವು ಇದೇ ರೀತಿ ಹೊಸ ಪರದೆಗೆ ತಂದಿದ್ದೇವೆಯೇ ಎಂದು ಕೇಳಿಕೊಂಡರೆ ತಲೆ ತಗ್ಗಿಸಬೇಕಾಗುತ್ತದೆ. ಹಿಂದಿನಿಂದ ದೀಪ ಬೆಳಗಿಸಿ ಬಿಳಿಯ ಬಟ್ಟೆಯ ಮೇಲೆ ಬಣ್ಣದ ನೆರಳನ್ನು ಕುಣಿಸುವ ವಿದ್ಯೆ ನಮ್ಮಲ್ಲಿ ಸಿನಿಮಾ ಹುಟ್ಟುವುದಕ್ಕೆ ಬಹು ಮುಂಚೆಯೇ ಇತ್ತಷ್ಟೆ.

ಮೊದಲ ಅರ್ಧ ಗಂಟೆ ನಾನೂ ಅನಿಮಿಷನಾಗಿಯೇ ಕುಳಿತಿದ್ದೆ. ಒಂದು ಗಂಟೆಯಾಗುವಷ್ಟರಲ್ಲಿ ಆಕಳಿಕೆ ಬಂದಿತು. ಮುಪ್ಪಿನ ಆಕಳಿಕೆಯಿರಬೇಕೆಂದು ಅಕ್ಕಪಕ್ಕ ನೋಡಿದರೆ, ಎರಡು ಕಾಳಗಗಳ ನಡುವೆ ಹುಡುಗರೂ ಮೊಬೈಲು ತೆಗೆದಿದ್ದರು!

ಕಾರಣವೇನು? ಚಿತ್ರದಲ್ಲಿರುವುದು ಮುಖ್ಯವಾಗಿ ಮೂರು ಕಾಳಗಗಳು. ಶಿನೊಬು ಎಂಬ ವೀರಾಂಗನೆ ಅಕ್ಕನನ್ನು ಕೊಂದ ಡೋಮಾ ಎಂಬ ರಾಕ್ಷಸನೊಡನೆ ಕಾದುತ್ತಾಳೆ. ಜೆನಿತ್ಸು ಒಂದೇ ಗುರುವಿನ ಬಳಿ ಕಲಿತು ಈಗ ರಾಕ್ಷಸನಾಗಿರುವ ಕೈಗಾಕುವಿನೊಡನೆ ಕಾದುತ್ತಾನೆ. ತಾಂಜಿರೊ ಮತ್ತು ಗಿಯು ಇಬ್ಬರೂ ಅಕಾಜಾ ಎಂಬ ಮಹಾಬಲನೊಡನೆ ಕಾದುತ್ತಾರೆ. ಒಂದು ಕಾಳಗದಿಂದ ಮತ್ತೊಂದು ಹುಟ್ಟುವುದಿಲ್ಲ. ಮೂರನ್ನೂ ಹಿಂದುಮುಂದಾಗಿ ಜೋಡಿಸಿದರೂ ಬಹುಮಟ್ಟಿಗೆ ನಷ್ಟವಿಲ್ಲ. ಕತ್ತಿ ಎತ್ತಿದ ಕೈ ಎತ್ತಿದಂತೆಯೇ ನಿಲ್ಲುತ್ತದೆ. ಆ ಪಾತ್ರದ ಬಾಲ್ಯವೂ ಗುರುವೂ ಅಕ್ಕನೂ ನೆನಪಿನಲ್ಲಿ ಬಂದುಹೋಗುತ್ತಾರೆ. ಆಮೇಲೆ ಕೈ ಕೆಳಗಿಳಿಯುತ್ತದೆ. ಮತ್ತೊಬ್ಬನು ಎತ್ತುತ್ತಾನೆ, ಮತ್ತೆ ನೆನಪು. ಹಿಂದಿನ ಕಂತುಗಳನ್ನು ನೋಡದ ನನ್ನಂಥವನಿಗೆ ಆರಂಭವಿಲ್ಲ. ಮುಂದಿನ ಎರಡು ಚಿತ್ರಗಳಿಗಾಗಿ ಕಾಯಬೇಕಾದುದರಿಂದ ಯಾರಿಗೂ ಅಂತ್ಯವಿಲ್ಲ. ಇತಿವೃತ್ತವು ನಾಟ್ಯಕ್ಕೆ ಶರೀರವೆಂದು ಭರತಮುನಿ ತಿಳಿದಿದ್ದನು. ಮುಖದಿಂದ ನಿರ್ವಹಣದವರೆಗೆ ಐದು ಸಂಧಿಗಳನ್ನೂ ಹೇಳಿದನು. ಇಲ್ಲಿ ಮುಖವೂ ಇಲ್ಲ, ನಿರ್ವಹಣವೂ ಇಲ್ಲ. ನಡುವಿನ ಒಂದು ತುಂಡನ್ನು ಎರಡೂವರೆ ಗಂಟೆ ಎಳೆಯಲಾಗಿದೆ.

ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಇಂಥದಕ್ಕೆ ಹೆಸರಿಟ್ಟು ಹೋಗಿದ್ದಾನೆ: ಚಿತ್ರಕಾವ್ಯ. ಧ್ವನಿಯಿಲ್ಲದೆ ಕೇವಲ ಶಬ್ದಾರ್ಥಗಳ ವೈಚಿತ್ರ್ಯದಿಂದ ಬೆರಗುಗೊಳಿಸುವ ರಚನೆ, ಕಾವ್ಯದ ಚಿತ್ರವೇ ಹೊರತು ಕಾವ್ಯವಲ್ಲವೆಂಬುದು ಅವನ ಅಭಿಪ್ರಾಯ. ಅವನ ದಾರಿಯಲ್ಲಿಯೇ ಬಂದ ಮಮ್ಮಟನು ಅದನ್ನು ಮೂರನೆಯ ದರ್ಜೆಗೆ ಇಳಿಸಿದನು. ಆದರೆ ಇಬ್ಬರೂ ಅದನ್ನು ಕಾವ್ಯವಿಚಾರದ ಮನೆಯಿಂದ ಹೊರಗೆ ಹಾಕಲಿಲ್ಲವೆಂಬುದನ್ನು ಮರೆಯಬಾರದು. ಕಣ್ಣಿಗೆ ಹಬ್ಬವಾಗುವುದೂ ಒಂದು ಗುಣವೇ.

ಕಾಳಗದ ನಡುವೆ ನೆನಪು ಬರಬಾರದೆಂದು ನಾನು ಹೇಳುತ್ತಿಲ್ಲ. ಹಿಂದಿರುಗಿ ನೋಡುವ ವಿದ್ಯೆಯನ್ನು ಕನ್ನಡದವನಿಗೆ ಜಪಾನಿನಿಂದ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ನೆರೆಯ ಮುಧೋಳದ ಬಳೆಗಾರರ ಮನೆತನದ ರನ್ನನು ಸಾವಿರ ವರ್ಷಗಳ ಹಿಂದೆಯೇ ಸಿಂಹಾವಲೋಕನ ಕ್ರಮದಿಂದ ಇಡೀ ಭಾರತವನ್ನು 'ಗದಾಯುದ್ಧ'ದೊಳಗೆ ಅಡಕಗೊಳಿಸಿದನು. ಅವನು ಮಾಡಿದ್ದೇನು? ಭೀಮ ದುರ್ಯೋಧನರು ಗದೆ ಎತ್ತಿದ ಮೇಲೆ ಅವರನ್ನು ನಿಲ್ಲಿಸಿ ಹಳೆಯ ಕಥೆ ಹೇಳಲು ಕೂಡಲಿಲ್ಲ. ಅದಕ್ಕೆ ಮುಂಚೆಯೇ ದುರ್ಯೋಧನನನ್ನು ಸಂಜಯನೊಡನೆ ರಣಭೂಮಿಯಲ್ಲಿ ನಡೆಸಿದನು. ದ್ರೋಣನ ಶವ, ಮಗ ಲಕ್ಷಣಕುಮಾರನ ಶವ, ದುಶ್ಶಾಸನನ ಶವ, ಕರ್ಣನ ಶವ. ಒಂದೊಂದರ ಮುಂದೆಯೂ ನಿಂತಾಗ ಒಂದೊಂದು ಕಥೆ ಹಿಂದಿನಿಂದ ಎದ್ದುಬರುತ್ತದೆ. ಅರಸನು ನಡೆಯುತ್ತಲೇ ಇರುತ್ತಾನೆ, ಆದ್ದರಿಂದ ಕಥೆಯೂ ನಿಲ್ಲುವುದಿಲ್ಲ. ಅವನು ವೈಶಂಪಾಯನ ಸರೋವರವನ್ನು ಮುಟ್ಟುವ ಹೊತ್ತಿಗೆ ನಮಗೆ ಅವನ ಮೇಲೆ ಸಿಟ್ಟೂ ಉಂಟು, ಮರುಕವೂ ಉಂಟು. ಆಮೇಲೆ ಬೀಳುವ ಗದೆಯ ಪೆಟ್ಟು ಎಲ್ಲಿಗೆ ಬೀಳುತ್ತದೆಂಬುದು ಓದುಗನಿಗೆ ಗೊತ್ತು. ಜಪಾನೀ ಚಿತ್ರವು ಪೆಟ್ಟನ್ನು ಮೊದಲು ತೋರಿಸಿ, ನೋವಿನ ಕಾರಣವನ್ನು ಆಮೇಲೆ ಹುಡುಕಿಕೊಂಡು ಹೋಗುತ್ತದೆ.

ಒಂದು ಕಡೆ ಮಾತ್ರ ಚಿತ್ರ ನನ್ನನ್ನು ಸೋಲಿಸಿತು. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಅಕಾಜಾ ರಾಕ್ಷಸನಾಗುವುದಕ್ಕೆ ಮೊದಲು ಹಕುಜಿ ಎಂಬ ಹುಡುಗನಾಗಿದ್ದನು. ರೋಗಿಯಾದ ತಂದೆಯ ಔಷಧಕ್ಕಾಗಿ ಕಳ್ಳತನ ಮಾಡಿ ತೋಳಿನ ಮೇಲೆ ಶಿಕ್ಷೆಯ ಮುದ್ರೆ ಹೊಡೆಸಿಕೊಂಡವನು. ಮಗನ ಕಳವಿನಿಂದ ಬದುಕಲೊಲ್ಲದೆ ತಂದೆ ನೇಣು ಹಾಕಿಕೊಳ್ಳುತ್ತಾನೆ. ಅಂಥ ಅನಾಥನನ್ನು ಒಬ್ಬ ಮಲ್ಲವಿದ್ಯೆಯ ಗುರು ಮನೆಗೆ ಕರೆದು ತನ್ನ ರೋಗಿಷ್ಠ ಮಗಳ ಶುಶ್ರೂಷೆಗೆ ನೇಮಿಸುತ್ತಾನೆ. ಆ ಮಗಳು ಗುಣಮುಖಳಾಗಿ ಮದುವೆ ನಿಶ್ಚಯವಾಗುವ ಹೊತ್ತಿಗೆ ನೆರೆಯ ಗರಡಿಯವರು ಬಾವಿಗೆ ವಿಷ ಹಾಕಿ ತಂದೆ ಮಗಳಿಬ್ಬರನ್ನೂ ಕೊಲ್ಲುತ್ತಾರೆ. ಹಕುಜಿ ಆ ಗರಡಿಯ 67 ಜನರನ್ನು ಬರಿಗೈಯಿಂದ ಕೊಂದು, ರಾಕ್ಷಸನಾಗಿ, ಎಲ್ಲವನ್ನೂ ಮರೆಯುತ್ತಾನೆ. ಈಗ ತಲೆ ಕಡಿದುಬಿದ್ದ ಮೇಲೂ ಅವನ ಮುಂಡ ಕಾದುತ್ತಿರುವಾಗ ಆ ನೆನಪು ಮರಳುತ್ತದೆ. ನೆನಪಾದ ಕೂಡಲೇ ಅವನು ಮತ್ತೆ ತಲೆ ಬೆಳೆಸಿಕೊಳ್ಳಲು ಒಲ್ಲದೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತಾನೆ. ಇಲ್ಲಿ ನೆನಪು ಕಾಳಗವನ್ನು ತಡೆದು ನಿಲ್ಲಿಸಿದ ಪರದೆಯಲ್ಲ. ಕಾಳಗವನ್ನು ಗೆದ್ದ ಆಯುಧವೇ ಅದು. ಖಡ್ಗದಿಂದಾಗದುದು ಸ್ಮೃತಿಯಿಂದಾಯಿತು. ಶತ್ರುವಿಗಾಗಿ ಅಳಿಸುವುದು ರನ್ನನಿಗೆ ಸಾಧಿಸಿತ್ತು, ಈ ಜಪಾನಿನವರಿಗೂ ಈ ಒಂದು ಪ್ರಸಂಗದಲ್ಲಿ ಸಾಧಿಸಿದೆ. ಇದನ್ನು ಬಲ್ಲವರು ಉಳಿದೆರಡು ಗಂಟೆಗಳನ್ನು ಹಾಗೇಕೆ ಕಳೆದರೋ!

ಮೂಲವು ವಾರಪತ್ರಿಕೆಯ ಧಾರಾವಾಹಿಯೆಂಬುದು ಇದಕ್ಕೆ ಒಂದು ಕಾರಣವಿದ್ದೀತು. ವಾರಕ್ಕೆ ಸುಮಾರು ಇಪ್ಪತ್ತು ಪುಟ. ಪ್ರತಿ ವಾರವೂ ಒಂದು ಬೆರಗು ಬೇಕು, ಮುಂದಿನ ವಾರದವರೆಗೆ ಓದುಗನನ್ನು ತೂಗುಹಾಕಬೇಕು. ಆ ತುಂಡುಗಳನ್ನು ಅಭಿಮಾನಿಗಳಿಗೆ ಅಂಜಿ ಪುಟಕ್ಕೆ ಪುಟ ಪರದೆಗೆ ತಂದರೆ ತುಂಡುತನವೂ ಜೊತೆಗೆ ಬರುತ್ತದೆ.

"ಮಕ್ಕಳ ಮನರಂಜನೆಗೆ ಇಷ್ಟು ಶಾಸ್ತ್ರವೇಕೆ, ಗುರುಗಳೇ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನಮ್ಮ ಮಕ್ಕಳು ನಮ್ಮೆದುರು ಕೂಡುವುದಕ್ಕಿಂತ ಹೆಚ್ಚು ಹೊತ್ತು ಇದರೆದುರು ಕೂಡುತ್ತಾರೆ, ಅದಕ್ಕೆ. ಅಲ್ಲದೆ ಈ ಸೀಮೆಯವರಿಗೆ ಆಟ ನೋಡುವುದು ಹಗುರವಾದ ವಿಷಯವಾಗಿರಲಿಲ್ಲ. ಕುಲಗೋಡ ತಮ್ಮಣ್ಣನ ಕೈಯಲ್ಲಿ ಶ್ರೀಕೃಷ್ಣ ಪಾರಿಜಾತವು ಬೆಳೆದದ್ದು ಇಲ್ಲಿಯೇ. ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದು ಹೆಸರಾದದ್ದು ಇಲ್ಲಿಂದಲೇ. ಇಂಥ ಆಟಗಳ ನೆಲದಲ್ಲಿ, ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಆ ಬನಿಯನ್ನೇ ತಮ್ಮ ನಾಟಕಗಳಿಗೆ ಹೀರಿಕೊಂಡರು. ಪಾರಿಜಾತದಲ್ಲಿ ಇರುವುದಾದರೂ ಏನು? ಒಂದು ಹೂವು. ನಾರದನು ತಂದ ಹೂವು ರುಕ್ಮಿಣಿಗೆ ಹೋಯಿತು, ಸತ್ಯಭಾಮೆ ಮುನಿದಳು. ಹಾರ್ಮೋನಿಯಂ, ತಬಲಾ, ತಾಳ, ನಾಲ್ಕಾರು ಜನ ಪಾತ್ರಧಾರಿಗಳು; ಅರಮನೆಯೆಂದರೆ ಅರಮನೆ, ತೋಟವೆಂದರೆ ತೋಟ. ಆದರೂ ಬೆಳಗಾಗುವವರೆಗೆ ಜನ ಏಳುತ್ತಿರಲಿಲ್ಲ. ಭಾಮೆಯ ಒಂದು ಮಾತಿನಿಂದ ಕೃಷ್ಣನ ಒಂದು ಮಾತು, ಅದರಿಂದ ಇನ್ನೊಂದು ಮುನಿಸು, ಹೀಗೆ ಎಳೆಯಿಂದ ಎಳೆ ಹುಟ್ಟುತ್ತಿತ್ತು. ನನ್ನ ತಂದೆಯವರು ಮರುದಿನ ಹೊಲದಲ್ಲಿ ಕೆಲಸ ಮಾಡುತ್ತ ಭಾಮೆಯದು ತಪ್ಪೋ ಕೃಷ್ಣನದು ತಪ್ಪೋ ಎಂದು ಆಳುಗಳೊಡನೆ ವಾದಕ್ಕೆ ನಿಲ್ಲುತ್ತಿದ್ದರು. ಕಥೆ ದೊಡ್ಡದಿರಬೇಕಾಗಿಲ್ಲ, ಒಂದರಿಂದ ಒಂದು ಹುಟ್ಟಬೇಕು.

2025ರಲ್ಲಿಯೇ, ಜುಲೈ 25ರಂದು, ಅಶ್ವಿನ್ ಕುಮಾರ್ ಅವರು ನಿರ್ದೇಶಿಸಿ ಬೆಂಗಳೂರಿನ ಹೊಂಬಾಳೆ ಸಂಸ್ಥೆಯವರು ಅರ್ಪಿಸಿದ 'ಮಹಾವತಾರ್ ನರಸಿಂಹ' ಎಂಬ ಅನಿಮೇಷನ್ ಚಿತ್ರ ಕನ್ನಡದಲ್ಲಿಯೂ ಬಂದಿತು. ಅದನ್ನೂ ಇದೇ ಹುಡುಗನೊಡನೆ ನೋಡಿದೆ. ಜಪಾನೀಯರ ಕುಂಚದ ನಯ ಅಲ್ಲಿಲ್ಲ; ಮುಖಗಳು ಕೆಲವೆಡೆ ಮೇಣದ ಗೊಂಬೆಗಳಂತೆ ಬಿಗಿದಿವೆ; ಕೊನೆಯ ಕಾಳಗವೂ ಬೇಕಾದುದಕ್ಕಿಂತ ಉದ್ದ. ಆದರೆ ಕಂಬ ಒಡೆದಾಗ ಚಿತ್ರಮಂದಿರದಲ್ಲಿ ಎದ್ದ ಕೇಕೆ ಬೇರೆಯೇ ಬಗೆಯದು. ತಂದೆ ಏನು ಕೇಳಿದನು, ಮಗ ಏನು ಹೇಳಿದನು, ಕಂಬ ಏಕೆ ಒಡೆಯಬೇಕಾಯಿತು ಎಂಬುದು ಆರು ವರ್ಷದ ಮಗುವಿಗೂ ಗೊತ್ತಿತ್ತು. ಕುಂಚದ ಕೊರತೆಯನ್ನು ಪ್ರಹ್ಲಾದನ ಕಥೆ ತುಂಬಿಕೊಟ್ಟಿತು.

ಭಾಷೆಯ ಮಾತನ್ನೂ ಇಲ್ಲಿಯೇ ಆಡಿಬಿಡುತ್ತೇನೆ. ಜಪಾನೀ ಚಿತ್ರವು ಭಾರತಕ್ಕೆ ಬಂದಾಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷುಗಳಲ್ಲಿ ಮಾತಾಡಿತು, ಕನ್ನಡದಲ್ಲಿ ಮಾತಾಡಲಿಲ್ಲ. ನಾವು ನೋಡಿದ್ದು ಹಿಂದಿಯಲ್ಲಿ. ಡಬ್ಬಿಂಗಿನಿಂದ ನಮ್ಮ ಚಿತ್ರರಂಗ ಬಡವಾಗುತ್ತದೆಂಬ ವಾದ 1960ರ ದಶಕದಿಂದ ಬಲವಾಗಿ ನಿಂತಿತ್ತು. ನಾನೂ ಬಹುಕಾಲ ಆ ಪಕ್ಷದವನೇ. 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬಂದು, 2017ರಿಂದ ಡಬ್ ಆದ ಚಿತ್ರಗಳು ಮತ್ತೆ ತೆರೆಗೆ ಬರತೊಡಗಿದುವು. ಅಷ್ಟರಲ್ಲಿ ಮಕ್ಕಳು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ನೋಡುವುದನ್ನು ರೂಢಿಸಿಕೊಂಡಿದ್ದರು. ಹಕುಜಿಯ ಕಥೆಯನ್ನು ನನ್ನ ಮೊಮ್ಮಗ ನನಗೆ ಬಿಡಿಸಿ ಹೇಳಿದ್ದು ಮುಕ್ಕಾಲು ಹಿಂದಿಯ ಮಾತುಗಳಲ್ಲಿ. ಇನ್ನೊಂದು ಸೋಜಿಗವನ್ನು ನೋಡಿರಿ: ಕನ್ನಡಿಗರೆಲ್ಲರೂ ತೊಟ್ಟಿಲಲ್ಲಿಯೇ ಕೇಳಿದ ಗೋವಿನ ಹಾಡಿನ ಕಥೆಯನ್ನು ಬೆಂಗಳೂರಿನ ರವಿಶಂಕರ್ ಎಂಬವರು ಜನರಿಂದ ಹಣ ಕೂಡಿಸಿ 'ಪುಣ್ಯಕೋಟಿ' ಎಂಬ ಅನಿಮೇಷನ್ ಚಿತ್ರವನ್ನಾಗಿ ಮಾಡಿದರು, 2020ರಲ್ಲಿ ಅದು ಹೊರಬಂದದ್ದು ಸಂಸ್ಕೃತದಲ್ಲಿ. ಸಂಸ್ಕೃತ ವಿದ್ವಾಂಸನಾಗಿ ಹಿಗ್ಗಿದೆ, ಕನ್ನಡ ಪಂಡಿತನಾಗಿ ಹುಬ್ಬು ಗಂಟಿಕ್ಕಿದೆ.

ಇಷ್ಟೆಲ್ಲವನ್ನೂ ಮರಳಿ ಬರುವಾಗ ಬಸ್ಸಿನಲ್ಲಿ ಹುಡುಗನಿಗೆ ವಿವರಿಸುತ್ತ ಬಂದೆ. ರನ್ನನ ಮಾತು ಬಂದಾಗ ಅವನು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ ಹೇಳಿದ: "ಅಜ್ಜಾ, ಸಿಟ್ಟಾಗಬ್ಯಾಡ್ರಿ. ನೀವು ಹೇಳಿದ್ದು ಖರೇ ಅದ. ಆದರ ನೀವು ನಮಗ ಗದಾಯುದ್ಧ ಹೆಂಗ ಕಲಿಸಿದ್ರಿ? ಶಬ್ದಾರ್ಥ ಬರಿಸಿದ್ರಿ, ಅಲಂಕಾರ ಬರಿಸಿದ್ರಿ, ಪ್ರಸ್ತಾರ ಹಾಕಿಸಿದ್ರಿ. ದುರ್ಯೋಧನ ಅಲ್ಲಿಗ್ಯಾಕ ಬಂದ, ಮುಂದ ಏನಾತು, ಅದನ್ನ ಹೇಳಲೇ ಇಲ್ಲಲ್ಲರೀ. ಈಗ ಬಸ್ಸಿನ್ಯಾಗ ಹೇಳಿದ್ದು ನಾ ಕ್ಲಾಸಿನ್ಯಾಗ ಕೇಳೇ ಇಲ್ಲ."

ಉತ್ತರ ಹೊಳೆಯಲಿಲ್ಲ. ಪರೀಕ್ಷೆಯ ಪ್ರಶ್ನೆಗಳು, ಮುಗಿಸಬೇಕಾದ ಪಾಠಗಳು, ವರದಿ ತುಂಬುವ ಕೆಲಸ, ಎಲ್ಲವನ್ನೂ ಹೇಳಬಹುದಿತ್ತು. ಆದರೆ ಆ ಆಪಾದನೆ ನಿಜ. ಇಡೀ ಕಾವ್ಯದಿಂದ ಒಂದು ತುಂಡನ್ನು ಕತ್ತರಿಸಿ, ಹಿಂದೆ ಮುಂದೆ ಏನೆಂದು ಹೇಳದೆ, ಅದರ ಅಲಂಕಾರಗಳ ಹೊಳಪನ್ನಷ್ಟೇ ತೋರಿಸುವ ನನ್ನ ಪಾಠವೂ ಚಿತ್ರಕಾವ್ಯವೇ. ಜಪಾನೀಯರ ಖಡ್ಗದಿಂದ ನೀರಾದರೂ ಹರಿಯುತ್ತಿತ್ತು. ನನ್ನ ಕರಿಹಲಗೆಯಿಂದ ಲಘು ಗುರುಗಳಷ್ಟೇ ಉದುರುತ್ತಿದ್ದುವು. ನನ್ನ ಗುರುಗಳು ಹಾಗಿರಲಿಲ್ಲ. ವ್ಯಾಕರಣವನ್ನು ಬೆಳಿಗ್ಗೆ ಹೇಳಿ, ಕಥೆಯನ್ನು ಸಂಜೆ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದರು. ನಾನು ಬೆಳಗಿನದನ್ನು ಉಳಿಸಿಕೊಂಡು ಸಂಜೆಯದನ್ನು ಕಳೆದುಕೊಂಡೆ.

ನವೆಂಬರಿನಿಂದ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಶನಿವಾರದ ಕೊನೆಯ ಅವಧಿಯನ್ನು ಕಥೆಗೆಂದು ಇಟ್ಟುಕೊಂಡಿದ್ದೇನೆ. ಪುಸ್ತಕವಿಲ್ಲ, ಬರವಣಿಗೆಯಿಲ್ಲ, ಅಂಕಗಳಿಲ್ಲ. ಗದಾಯುದ್ಧಕ್ಕೆ ಐದು ಶನಿವಾರ ಹಿಡಿದುವು. ಮೊದಲ ಶನಿವಾರ ನನ್ನ ಕಥನ ಬಹಳ ಒಣಗಿತ್ತೆಂದು ಒಪ್ಪುತ್ತೇನೆ. ಅಭ್ಯಾಸ ತಪ್ಪಿದ ನಾಲಗೆ ಪ್ರತಿ ವಾಕ್ಯಕ್ಕೂ ಅರ್ಥ ಹೇಳಲು ಹೋಗುತ್ತಿತ್ತು. ಮೂರನೆಯ ಶನಿವಾರ ಕರ್ಣನ ಶವದ ಬಳಿ ಅರಸನನ್ನು ನಿಲ್ಲಿಸಿ ಗಂಟೆ ಹೊಡೆದಾಗ ಯಾರೂ ಏಳಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ, ಎಲ್ಲಾರೂ ಸತ್ತ ಮ್ಯಾಲ ಸಂಧಿ ಮಾಡಿಕೊಂಡರ ಏನ್ ಹೋಗತಿತ್ರಿ ಅವನಿಗೆ?" ಎಂದು ಕೇಳಿದ. ಅದರ ಮೇಲೆ ಹದಿನೈದು ನಿಮಿಷ ಜಗಳ ನಡೆಯಿತು. ನನ್ನ ತಂದೆಯವರ ಹೊಲದ ವಾದ ನೆನಪಾಯಿತು.

ಮೊಮ್ಮಗ ಮುಂದಿನ ವಾರ ಶಾಲೆಯ ಭಿತ್ತಿಪತ್ರಿಕೆಗೆ ಒಂದು ಚಿತ್ರ ಬರೆದು ತಂದ. ಜಪಾನೀ ರೀತಿಯದೇ: ದುರ್ಯೋಧನನಿಗೆ ಹಣೆಯವರೆಗೆ ಕಣ್ಣುಗಳು, ಗಾಳಿಗೆ ಹಾರುವ ಮುಳ್ಳುಗೂದಲು, ಆನೆಯ ಗಾತ್ರದ ಗದೆ. ಆದರೆ ಗದೆ ನೆಲದ ಮೇಲೆ ಬಿದ್ದಿದೆ, ಅರಸನ ಕೈ ಕರ್ಣನ ಭುಜದ ಮೇಲಿದೆ. ಕಣ್ಣು ಸ್ವಲ್ಪ ಸಣ್ಣದಾಗಬೇಕೆಂದು ಹೇಳಿ ಹಾಗೆಯೇ ಅಂಟಿಸಲು ಒಪ್ಪಿಗೆ ಕೊಟ್ಟೆ.

ಶಾಲೆಗೆ ಪ್ರೊಜೆಕ್ಟರನ್ನೂ ಪರದೆಯನ್ನೂ ಕೊಡಿಸಿದ ದಾನಿಗಳಿಗೆ ನಾನು ಕೃತಜ್ಞ. ಚಿತ್ರಗಳನ್ನು ತೋರಿಸಲು ಅವು ಬೇಕು. ಈಗ ಕೇಳುವುದು ಹಣವನ್ನಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಪಾರಿಜಾತದಲ್ಲಿ ಪಾತ್ರ ಮಾಡಿದವರಿದ್ದಾರೆ, ಡೊಳ್ಳಿನ ಪದ ಬಲ್ಲವರಿದ್ದಾರೆ, ಅಜ್ಜಿಯಿಂದ ಕೇಳಿದ ಕಥೆಯನ್ನು ಪೂರ್ತಿ ನೆನಪಿಟ್ಟವರಿದ್ದಾರೆ. ಗದಾಯುದ್ಧ ಮುಗಿದಿದೆ, ಮುಂದಿನ ಶನಿವಾರಗಳು ಖಾಲಿ ಇವೆ. ಅಂಥವರು ಒಂದು ಪತ್ರ ಬರೆದರೆ ಸಾಕು, ಯಾವ ಶನಿವಾರ ಬರಬೇಕೆಂದು ತಿಳಿಸುತ್ತೇನೆ.